ಹಳೆಯ ಪೇಟೆಯ ಹೆಬ್ಬಾಗಿಲುಗಳು

ಊರಿಗೊಂದು ಬಾಗಿಲಿತ್ತು, ಹೊತ್ತು ಮುಳುಗಿದ ಮೇಲೆ ಅದನ್ನು ಮುಚ್ಚುತ್ತಿದ್ದರು ಎಂದರೆ ಇಂದಿನ ತರುಣರಿಗೆ ವಿಚಿತ್ರವೆನಿಸೀತು. ನಾನು ನೆಲೆಸಿರುವ ಪದ್ಮನಾಭನಗರಕ್ಕೆ ಎತ್ತಣಿಂದ ಬಂದರೂ ಊರು ಇಲ್ಲಿ ಮೊದಲಾಯಿತು ಎಂದು ಬೆರಳಿಟ್ಟು ತೋರಿಸುವಂತಿಲ್ಲ. ಒಂದು ಬಡಾವಣೆ ಮತ್ತೊಂದರೊಳಗೆ ಸೇರಿಹೋಗಿದೆ. ಆದರೆ ಇಲ್ಲಿಂದ ಮಾರ್ಕೆಟ್ಟಿನ ಬಸ್ಸು ಹತ್ತಿ, 1892ರಲ್ಲಿ ಹುಟ್ಟಿದ ಚಾಮರಾಜಪೇಟೆಯನ್ನು ದಾಟಿದೆವೆಂದರೆ, ಒಳಗು ಹೊರಗು ಎಂಬ ಭೇದವನ್ನು ಬಲ್ಲ ಬೆಂಗಳೂರೊಂದು ಎದುರಾಗುತ್ತದೆ.

1537ರಲ್ಲಿ ಕೆಂಪೇಗೌಡರು ಕಟ್ಟಿಸಿದ್ದು ಮಣ್ಣಿನ ಕೋಟೆ. ಅದರೊಳಗೆ ಎರಡು ಹಿರಿಯ ಬೀದಿಗಳು. ಯಲಹಂಕದ ಬಾಗಿಲಿನಿಂದ ತೆಂಕಣಕ್ಕೆ ನಡೆದದ್ದು ದೊಡ್ಡಪೇಟೆ. ಹಲಸೂರಿನ ಬಾಗಿಲಿನಿಂದ ಪಡುವಣದ ಸೊಂಡೆಕೊಪ್ಪದ ದಾರಿಗೆ ಸಾಗಿದ್ದು ಚಿಕ್ಕಪೇಟೆ. ಇವೆರಡೂ ಕೂಡುವ ಚೌಕದಲ್ಲಿ ನಾಲ್ಕು ಜೊತೆ ಎತ್ತುಗಳಿಗೆ ನೊಗ ಹೂಡಿ ನಾಲ್ಕು ದಿಕ್ಕಿಗೂ ಉಳಿಸಿದರೆಂದು ಐತಿಹ್ಯ ಹೇಳುತ್ತದೆ. ಬೀದಿಗಳ ಅಕ್ಕಪಕ್ಕದಲ್ಲಿ ಅಕ್ಕಿಪೇಟೆ, ಅರಳೇಪೇಟೆ, ಬಳೇಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಹೆಸರು ಕೇಳಿದೊಡನೆ ಸರಕೂ ಕಸುಬೂ ಕಣ್ಣಿಗೆ ಕಟ್ಟುತ್ತವೆ. ಇದಕ್ಕಿಂತ ಒಳ್ಳೆಯ ನಕ್ಷೆ ಬೇಕೆ?

ಬಾಗಿಲುಗಳ ಹೆಸರಿನ ರೀತಿಯೇ ಬೇರೆ. ಅವು ಹೊರಗಿನ ಊರುಗಳ ಹೆಸರನ್ನು ಹೊತ್ತವು: ಹಲಸೂರು, ಯಲಹಂಕ, ಆನೇಕಲ್ಲು, ಕೆಂಗೇರಿ. ಒಳಗೆ ನಿಂತವನಿಗೆ ಅವು ದಾರಿ ಹೇಳುತ್ತಿದ್ದವು.

ಇಲ್ಲಿ ಇಂಗ್ಲೆಂಡಿನ ಯಾರ್ಕ್ ನಗರದ ಮಾತನ್ನು ತರಬೇಕೆನಿಸುತ್ತದೆ. ಅಲ್ಲಿನ ಎಷ್ಟೋ ಬೀದಿಗಳ ಹೆಸರು ‘ಗೇಟ್’ ಎಂದು ಮುಗಿಯುತ್ತದೆ. ಆದರೆ ಅದರರ್ಥ ಬಾಗಿಲು ಎಂದಲ್ಲ. ಒಂದು ಕಾಲಕ್ಕೆ ಆ ಊರನ್ನು ಆಳಿದ ಸ್ಕ್ಯಾಂಡಿನೇವಿಯದವರ ಭಾಷೆಯಲ್ಲಿ ‘ಗಾತ’ ಎಂದರೆ ಬೀದಿ. ಕೋಟೆಯ ಬಾಗಿಲಿಗೆ ಅಲ್ಲಿನವರು ಹೇಳುವ ಮಾತು ‘ಬಾರ್’. ಮಿಕಲ್‌ಗೇಟ್ ಎಂಬ ಹೆಸರನ್ನು ಬಿಡಿಸಿದರೆ ದೊರೆಯುವುದು ‘ದೊಡ್ಡ ಬೀದಿ’, ಎಂದರೆ ನಮ್ಮ ದೊಡ್ಡಪೇಟೆಯೇ! 1800ರಲ್ಲಿ ಆ ನಗರದ ಆಡಳಿತವೇ ಕೋಟೆಯನ್ನು ಕೆಡವಲು ಹೊರಟಿತ್ತು. ಒಂದಷ್ಟು ಭಾಗ ಹೋಯಿತು ಕೂಡ. ಆದರೆ ಅದಕ್ಕೆ ಅಡ್ಡ ನಿಂತ ಜನರಿದ್ದರು. ಅವರಲ್ಲಿ ವಿಲಿಯಂ ಎಟ್ಟಿ ಎಂಬ ಚಿತ್ರಕಾರನೂ ಒಬ್ಬ. ಸುಮಾರು 3.4 ಕಿಲೋಮೀಟರಿನ ಗೋಡೆಯ ಮೇಲೆ ಇಂದಿಗೂ ಅಲ್ಲಿ ನಡೆದಾಡಬಹುದು.

ನಮ್ಮಲ್ಲಿ ಪೇಟೆಯ ಕೋಟೆ ಉಳಿಯಲಿಲ್ಲ. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೈನ್ಯ ಕಂದಕವನ್ನೂ ಮುಳ್ಳುಬೇಲಿಯನ್ನೂ ದಾಟಿ ಹಲಸೂರು ಬಾಗಿಲನ್ನು ಒಡೆದು ಒಳನುಗ್ಗಿತು. ಕರ್ನಲ್ ಮೂರ್‌ಹೌಸ್ ಅಲ್ಲಿಯೇ ಮಡಿದ. ಅದಾದ ಹದಿನಾಲ್ಕು ದಿನಕ್ಕೆ, ಮಾರ್ಚ್ 21ರ ರಾತ್ರಿ, ದಕ್ಷಿಣದ ಕಲ್ಲುಕೋಟೆಯೂ ಬಿತ್ತು. ಹೈದರಾಲಿ 1761ರಲ್ಲಿ ಕಲ್ಲಿನಲ್ಲಿ ಕಟ್ಟಿಸಿದ ಕೋಟೆಯದು. ಅದನ್ನು ಕಾಯುತ್ತಿದ್ದ ಕಿಲ್ಲೇದಾರ ಬಹಾದ್ದೂರ್ ಖಾನ್ ಹೋರಾಡುತ್ತಲೇ ಸತ್ತ. ಇಂದು ನಾವು ‘ಬೆಂಗಳೂರು ಕೋಟೆ’ ಎಂದು ಕರೆಯುವುದು ಅದರ ಒಂದು ತುಣುಕನ್ನು, ದಿಲ್ಲಿ ಬಾಗಿಲನ್ನು. ಒಳಗೆ ಗಣಪತಿಯ ಪುಟ್ಟ ಗುಡಿ, ಅದರ ಪಕ್ಕಕ್ಕೇ ಗಾರೆಯ ಬಾಗು ಕಮಾನು. ಕಟ್ಟಿದವರಿಗೆ ಇವೆರಡರ ನಡುವೆ ಯಾವ ವಿರೋಧವೂ ತೋರಿದಂತಿಲ್ಲ. ಮಾರ್ಕೆಟ್ಟಿಗೆ ಹೂವು ತರಲು ಹೋದವರಲ್ಲಿ ಎಷ್ಟು ಮಂದಿ ಇದರೊಳಗೆ ಕಾಲಿಟ್ಟಿದ್ದಾರೆ ಎಂದು ಕೇಳಲು ನನಗೆ ಸಂಕೋಚವಾಗುತ್ತದೆ.

ಬಾಗಿಲಿನ ಕಥೆಗಳಲ್ಲಿ ನನ್ನನ್ನು ಬಹುವಾಗಿ ಕಲಕುವುದು ಲಕ್ಷ್ಮಮ್ಮನದು. ಕೋಟೆಯ ಬಾಗಿಲು ನಿಲ್ಲಿಸಿದಂತೆಲ್ಲ ಕುಸಿಯುತ್ತಿತ್ತಂತೆ. ತುಂಬು ಗರ್ಭಿಣಿಯ ಬಲಿ ಬೇಕೆಂದು ಹೇಳಿದರಂತೆ. ಕೆಂಪೇಗೌಡರ ಸೊಸೆ ಒಂದು ರಾತ್ರಿ ಯಾರಿಗೂ ತಿಳಿಯದಂತೆ ತಾನೇ ಹೋಗಿ ಕತ್ತಿಗೆ ಕೊರಳೊಡ್ಡಿದಳಂತೆ. ಇದಕ್ಕೆ ಶಾಸನದ ಆಧಾರ ಕೇಳುವುದು ಸಲ್ಲದು. ಆಕೆಯ ಸ್ಮಾರಕವಿರುವುದು ಕೋರಮಂಗಲದಲ್ಲಿ. ಬಾಗಿಲುಗಳಿಗೆ ಅಷ್ಟೊಂದು ಊರುಗಳ ಹೆಸರಿಟ್ಟ ಜನ, ಒಂದಕ್ಕಾದರೂ ಆಕೆಯ ಹೆಸರನ್ನು ಇಡಬಾರದಿತ್ತೆ?

ಕಲ್ಲು ಮಣ್ಣು ಹೋದ ಮೇಲೂ ನಾಲಗೆಯ ಮೇಲೆ ಉಳಿದವುಗಳಿವೆ. ಹಲಸೂರು ಗೇಟ್ ಎಂದರೆ ಈಗ ಪೊಲೀಸ್ ಠಾಣೆ. ಯಲಹಂಕದ ಬಾಗಿಲನ್ನು ಮೈಸೂರು ಬ್ಯಾಂಕ್ ವೃತ್ತದ ಬಳಿಯ ಆಂಜನೇಯ ತನ್ನ ಹೆಸರಿನಲ್ಲಿ ಉಳಿಸಿಕೊಂಡಿದ್ದಾನೆ. (ಆ ಬ್ಯಾಂಕೂ 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು, ವೃತ್ತ ಮಾತ್ರ ಹಾಗೆಯೇ ಇದೆ.) ಆದರೆ ದೊಡ್ಡಪೇಟೆ ಅವೆನ್ಯೂ ರಸ್ತೆಯಾಗಿಬಿಟ್ಟಿತು. ಎಂ.ಎ. ಓದುವಾಗ ಅಲ್ಲಿನ ಹಳೆಯ ಪುಸ್ತಕದಂಗಡಿಗಳಲ್ಲಿ ಕಾವ್ಯಗಳನ್ನು ಅರಸುತ್ತ ತಿಂಗಳುಗಟ್ಟಲೆ ಅಲೆದಿದ್ದೇನೆ. ನಾನು ನಿಂತದ್ದು ದೊಡ್ಡಪೇಟೆಯಲ್ಲಿ ಎಂದು ಯಾವ ಫಲಕವೂ ಹೇಳಲಿಲ್ಲ. ಸಾಲುಮರಗಳ ಹಾದಿ ಎಂಬ ಅರ್ಥದ ಆ ಇಂಗ್ಲಿಷ್ ಮಾತಿಗೆ ತಕ್ಕ ಮರಗಳೂ ಅಲ್ಲಿ ಕಾಣಲಿಲ್ಲ. ನಗರಪಾಲಿಕೆಯವರು ಫಲಕದ ಮೇಲೆ ಹಳೆಯ ಹೆಸರನ್ನೂ ಒಂದು ಸಾಲಿನಲ್ಲಿ ಬರೆಸಿದರೆ ಖರ್ಚೇನೂ ಹೆಚ್ಚದು.

ಪೇಟೆಯನ್ನು ಹಳೆಯ ಕ್ರಮದಲ್ಲಿ ನೋಡಬೇಕೆನ್ನುವವರು ಚೈತ್ರ ಪೌರ್ಣಮಿಯ ರಾತ್ರಿ ಹೋಗಬೇಕು. ಧರ್ಮರಾಯಸ್ವಾಮಿಯ ಗುಡಿಯಿಂದ ಹೊರಟ ಕರಗ ಈ ಇಕ್ಕಟ್ಟು ಬೀದಿಗಳನ್ನೇ ಹಿಡಿಯುತ್ತದೆ. ಅರಳೇಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತದೆ. ಕತ್ತಿ ಹಿಡಿದ ವೀರಕುಮಾರರ ಹಿಂದೆ ಹೆಜ್ಜೆ ಹಾಕಿದರೆ, ಹಗಲಿನಲ್ಲಿ ಆಟೋಗಳ ನಡುವೆ ತಿಳಿಯದ ತಿರುವುಗಳು ಒಂದೊಂದಾಗಿ ತಿಳಿಯುತ್ತವೆ. ಕರಗ ಗುಡಿಗೆ ಮರಳುವಷ್ಟರಲ್ಲಿ ಬೆಳಗಾಗಿರುತ್ತದೆ. ಬೀದಿಯುದ್ದಕ್ಕೂ ಮಲ್ಲಿಗೆ ಉದುರಿರುತ್ತದೆ.