ಔದ್ಯೋಗಿಕ ನೀತಿಯೂ ಕಸಬಿನ ಶಿಕ್ಷಣವೂ
(ಚಚಡಿಯಲ್ಲಿ ಶಿಕ್ಷಕರ ಹಾಗೂ ನಾಗರಿಕರ ಮುಂದೆ ಮಾಡಿದ ಭಾಷಣ)



ಚಚಡಿಯ ಕರಿಯ ನೆಲದ ಮೇಲೆ ನಿಂತು ಕಾರಖಾನೆಗಳ ಮಾತನ್ನಾಡುವುದು ಕೆಲವರಿಗೆ ಅಸಮಂಜಸವಾಗಿ ತೋರಬಹುದು. ಆದರೆ ಹೊಲವು ತಲೆಮಾರಿಗೊಮ್ಮೆ ಹೋಳಾಗುತ್ತ ಬಂದಿರುವಾಗ ಭೂಮಿಯೊಂದನ್ನೇ ನಂಬಿ ಎಲ್ಲ ಮಕ್ಕಳೂ ಬಾಳಲಾರರೆಂಬುದನ್ನು ಒಕ್ಕಲುತನದ ಮನೆಗಳಿಗೆ ನಾವು ಹೇಳಿಕೊಡಬೇಕಾಗಿಲ್ಲ. ಆದುದರಿಂದ ಸರಕಾರದ ಔದ್ಯೋಗಿಕ ನೀತಿಯಿಂದಲೂ, ಕಸಬಿನ ಶಿಕ್ಷಣಕ್ಕೆ ವೆಚ್ಚವಾಗುವ ಹಣದಿಂದಲೂ ನಾಡಿನ ಸಂಪತ್ತು ನಿಜವಾಗಿ ಬೆಳೆಯುವುದೋ ಎಂಬ ಪ್ರಶ್ನೆಯನ್ನು ಈ ಹೊತ್ತು ನಿಮ್ಮ ವಿಚಾರಕ್ಕೆ ಇಡಬಯಸುವೆವು.

ಕರ್ನಾಟಕ ಸರಕಾರವು ೨೦೨೫ರಲ್ಲಿ ಸಾರಿದ ನೀತಿಯು ೨೦೩೦ರೊಳಗೆ ಏಳೂವರೆ ಲಕ್ಷ ಕೋಟಿ ರೂಪಾಯಿಗಳ ಭಾಂಡವಲನ್ನೂ ೨೦ ಲಕ್ಷ ಉದ್ಯೋಗಗಳನ್ನೂ ಗುರಿಯಾಗಿಟ್ಟುಕೊಂಡಿದೆ; ಹಿಂದುಳಿದ ತಾಲೂಕುಗಳಿಗೆ ಹೆಚ್ಚಿನ ಸಹಾಯವನ್ನು ವಾಗ್ದಾನ ಮಾಡಿದೆ. ಅದಕ್ಕೆ ಮುಂಚೆ ೨೦೨೨ರಲ್ಲಿ ೧೫೦ ಸರಕಾರಿ ಕೈಗಾರಿಕಾ ತರಬೇತಿ ಸಂಸ್ಥೆಗಳು ನೂತನ ಯಂತ್ರಗಳಿಂದ ಸಜ್ಜಾದವು. ಇವೆರಡನ್ನೂ ನಾವು ಮನಃಪೂರ್ವಕವಾಗಿ ಸ್ವಾಗತಿಸುವೆವು. ಆದರೆ ಇವು ಒಂದನ್ನೊಂದು ಬಿಟ್ಟು ನಡೆದರೆ ಫಲವೇನು? ಯಂತ್ರ ಕಲಿತ ತರುಣನಿಗೆ ಸಮೀಪದಲ್ಲಿ ಯಂತ್ರವಿರದಿದ್ದರೆ ಅವನು ಪುಣೆಗೋ ಬೆಂಗಳೂರಿಗೋ ಹೋಗುವನು. ಯಂತ್ರ ಬಂದ ಊರಿನಲ್ಲಿ ಅದನ್ನು ಬಲ್ಲ ಕೈಗಳಿರದಿದ್ದರೆ ಊರವರ ಪಾಲಿಗೆ ಹೊರೆ ಹೊರುವ ಕೆಲಸವೂ ಬಾಗಿಲು ಕಾಯುವ ಕೆಲಸವೂ ಉಳಿಯುವವು.

ಇದು ಹೊಸ ಪಾಠವಲ್ಲ. ೧೯೧೨ರಿಂದ ೧೯೧೮ರ ವರೆಗೆ ಮೈಸೂರಿನ ದಿವಾನರಾಗಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಕಾಲದಲ್ಲಿ ೧೯೧೩ರಲ್ಲಿ ಮೈಸೂರು ಬ್ಯಾಂಕು, ೧೯೧೬ರಲ್ಲಿ ವಿಶ್ವವಿದ್ಯಾಲಯ ಹುಟ್ಟಿದವು. ಅವರೇ ಯೋಜಿಸಿದ ಭದ್ರಾವತಿಯ ಕಬ್ಬಿಣದ ಕಾರಖಾನೆಯು ೧೯೨೩ರಲ್ಲಿ ನಡೆಯತೊಡಗಿತು. ಆ ಕಾರಖಾನೆಯ ಸೇವೆಗಾಗಿ ತಮಗೆ ಸಲ್ಲಬೇಕಾದ ಹಣವನ್ನು ಅವರು ಕಸಬಿನ ಶಿಕ್ಷಣಕ್ಕೆ ಬಿಟ್ಟುಕೊಟ್ಟರು; ಬೆಂಗಳೂರಿನಲ್ಲಿ ೧೯೪೩ರಲ್ಲಿ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆಯು ಆರಂಭವಾಯಿತು. ಹಣ, ವಿದ್ಯೆ, ಕಾರ್ಯಾಗಾರ, ಈ ಮೂರನ್ನೂ ಅವರು ಕೂಡಿಯೇ ಎಣಿಸಿದ್ದರು.

ನಮ್ಮ ಸೀಮೆಯಲ್ಲಿ ತ್ಯಾಗಕ್ಕೆ ಕೊರತೆಯಿರಲಿಲ್ಲ. ೧೯೦೬ರಲ್ಲಿ ದಿವಂಗತರಾದ ಸಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯೆಗಾಗಿ ಬರೆದಿಟ್ಟರು. ೧೯೧೬ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸಾಯಿಟಿಯು ಹುಟ್ಟಿ, ೧೯೩೩ರಲ್ಲಿ ಅವರ ಹೆಸರಿನ ಕಾಲೇಜನ್ನು ತೆರೆಯಿತು. ಇಂಥ ದಾನಗಳಿಂದ ನಾಡಿಗೆ ಗುರುಗಳು, ವಕೀಲರು, ವೈದ್ಯರು ದೊರೆತರು. ಏಕೀಕರಣದ ಹೋರಾಟಕ್ಕೆ ಬಲ ಬಂದಿತು. ಆದರೆ ಕಲಿತವನು ಹಳ್ಳಿಗೆ ಮರಳಿದರೆ ಅವನ ವಿದ್ಯೆಗೆ ತಕ್ಕ ಕೆಲಸವು ಅಲ್ಲಿರಲಿಲ್ಲ. ಇದು ದಾನಿಗಳ ದೋಷವಲ್ಲ. ವಿದ್ಯೆಯ ಬೆನ್ನಿಗೆ ಉದ್ಯಮವು ಬಾರದ ದೋಷ.

ಎರಡೂ ಕೂಡಿದರೆ ಏನಾಗುವುದೆಂಬುದಕ್ಕೆ ಬೆಳಗಾವಿಯ ಉದ್ಯಮಬಾಗವನ್ನು ನೋಡಬೇಕು. ಅಲ್ಲಿ ಎರಕ ಹೊಯ್ಯುವವನ ಮಗ್ಗುಲಿಗೆ ಅಚ್ಚಿನ ಮಾದರಿ ಮಾಡುವವನು, ಅವನ ಮಗ್ಗುಲಿಗೆ ಲೇಥಿನ ಮೇಲೆ ಕಡೆಯುವವನು. ಒಬ್ಬನ ಕೆಲಸವು ಮತ್ತೊಬ್ಬನಿಗೆ ಕೆಲಸವನ್ನು ಹುಟ್ಟಿಸುತ್ತದೆ. ಇಂಥ ಕೈಗಳಿದ್ದ ಜಿಲ್ಲೆಯಲ್ಲಿಯೇ ೨೦೦೯ರಲ್ಲಿ, ಹತ್ತರಗಿಯಲ್ಲಿ, ವಿಮಾನದ ಬಿಡಿಭಾಗಗಳನ್ನು ತಯಾರಿಸುವ ವಲಯವು ತಲೆಯೆತ್ತಿತು.

ಆದುದರಿಂದ ನೀತಿಯಿಂದ ಬೆಳವಣಿಗೆ ಸಾಧ್ಯವೆಂದೇ ನಮ್ಮ ಅಭಿಪ್ರಾಯ. ಆದರೆ ಅದನ್ನು ಅಳೆಯುವ ಕೋಲು ಸರಿಯಾಗಿರಬೇಕು. ಹೂಡಿದ ಭಾಂಡವಲನ್ನಷ್ಟೇ ನೋಡಿ ಸಹಾಯಧನ ಕೊಟ್ಟರೆ ಮಾಲಕನು ದೊಡ್ಡ ಯಂತ್ರವನ್ನು ಕೊಂಡು ಕೆಲವೇ ಕೈಗಳಿಂದ ಕೆಲಸ ತೀರಿಸುವನು. ಹಂಚಿದ ಪ್ರಮಾಣಪತ್ರಗಳನ್ನಷ್ಟೇ ಎಣಿಸಿದರೆ ತರಬೇತಿಯು ಕಾಗದದಲ್ಲಿ ಮುಗಿಯುವುದು. ಈ ಸೀಮೆಯಲ್ಲಿ ಅರಳೆಯುಂಟು, ಕಬ್ಬುಂಟು. ೧೯೭೨ರಲ್ಲಿ ಮುಗಿದ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರುಂಟು. ಪಂಪು, ಟ್ರ್ಯಾಕ್ಟರು, ಸಕ್ಕರೆಯ ಗಿರಣಿಗಳುಂಟು. ಇವನ್ನು ನಡೆಸುವ, ದುರಸ್ತಿ ಮಾಡುವ, ಕಡೆಗೆ ತಾವೇ ತಯಾರಿಸುವ ವಿದ್ಯೆಯಿಂದ ನಮ್ಮ ತರಬೇತಿಯು ಮೊದಲಾಗಬೇಕು.

ದೂರ ಹೋಗುವವರನ್ನು ಏಕೆ ತಡೆಯಬೇಕೆಂದು ಕೆಲವರು ಕೇಳುವರು. ನಾವು ಯಾರನ್ನೂ ತಡೆಯುವುದಿಲ್ಲ. ಮನಸ್ಸಿನಿಂದ ಹೋಗುವುದು ಬೇರೆ, ಗತಿಯಿಲ್ಲದೆ ಹೋಗುವುದು ಬೇರೆ.

ಗುರುಗಳೇ, ನಿಮ್ಮಲ್ಲಿ ನಮ್ಮದೊಂದು ವಿಜ್ಞಾಪನೆ. ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ಒಂದು ವಹಿಯನ್ನಿಡಿರಿ. ಶಾಲೆ ಬಿಟ್ಟ ಹುಡುಗ ಹುಡುಗಿಯರು ಐದು ವರ್ಷಗಳ ತರುವಾಯ ಎಲ್ಲಿರುವರು, ಯಾವ ಕಸಬು ಕಲಿತರು, ಅದೇ ಕಸಬಿನಲ್ಲಿ ದುಡಿಯುತ್ತಿರುವರೋ ಎಂಬುದನ್ನು ಬರೆದಿಡಿರಿ. ಮಂತ್ರಿಗಳ ಭಾಷಣಕ್ಕಿಂತ ಆ ವಹಿಯು ನೀತಿಯ ಸತ್ಯವನ್ನು ಚೆನ್ನಾಗಿ ಹೇಳುವುದು; ಸರಕಾರದ ಮುಂದೆ ವಾದಿಸಲು ನಮಗೂ ಆಧಾರವಾಗುವುದು.

೧೯೫೬ರ ನವೆಂಬರ ೧ಕ್ಕೆ ಕನ್ನಡ ಪ್ರಾಂತವು ಒಂದಾಯಿತು. ೨೦೦೨ರಲ್ಲಿ ಡಾ. ನಂಜುಂಡಪ್ಪನವರ ಸಮಿತಿಯು ೧೭೫ ತಾಲೂಕುಗಳಲ್ಲಿ ೧೧೪ ಹಿಂದುಳಿದಿವೆಯೆಂದು ವರದಿ ಮಾಡಿತು. ಭಾಷೆಯಿಂದ ಒಂದಾದ ನಾಡು ದುಡಿಮೆಯಿಂದಲೂ ಒಂದಾಗುವ ವರೆಗೆ ಹಿರಿಯರು ನಮಗೆ ಒಪ್ಪಿಸಿದ ಕಾರ್ಯವು ಅರ್ಧವೇ ಆದಂತೆ. ಉಳಿದರ್ಧದ ಲೆಕ್ಕವು ಚಚಡಿಯಂಥ ಊರುಗಳ ವಹಿಯಿಂದಲೇ ಆರಂಭವಾಗಲೆಂದು ಪ್ರಾರ್ಥಿಸಿ ವಿರಮಿಸುವೆವು.