ಕರೆಂಟ್ ಚಿಕಿತ್ಸೆಗೆ ಹೋಗುವವರ ಬಾಯಿಯ ಆರೈಕೆ

(ಸೊಲ್ಲಾಪುರದಲ್ಲಿ ಬೀಡಿ ಕಟ್ಟುವವರ ಹಾಗೂ ಮಗ್ಗದ ಕೆಲಸಗಾರರ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಹೋದ ತಿಂಗಳು ಮಜೂರಿಯ ವಿಷಯ ಮಾತಾಡಿದೆವು. ಈ ಸಲ ಬಾಯಿಯ ವಿಷಯ ಮಾತಾಡಬೇಕೆಂದು ಹಿರಿಯರು ಹೇಳಿದ್ದಾರೆ. ನಾವು ಡಾಕ್ಟರರಲ್ಲ. ರೋಗಿಗಳ ಸಂಗಡ ಬಸ್ಸಿನಲ್ಲಿ ಹೋಗಿ, ಕೇಸ್‌ಪೇಪರ್ ಮಾಡಿಸಿ, ಸಾಲಿನಲ್ಲಿ ನಿಂತು, ಡಾಕ್ಟರರು ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ಹೇಳಿದ್ದನ್ನು ಕನ್ನಡದಲ್ಲಿ ತಿಳಿಸಿ ಹೇಳುವವರು. ಹೀಗೆ ತಿಳಿಸಿ ಹೇಳುವಾಗ ನಮ್ಮಿಂದ ಒಂದು ತಪ್ಪಾಯಿತು. ಅದನ್ನೇ ಮೊದಲು ಹೇಳುತ್ತೇವೆ.

ಬೀಡಿ ಕಟ್ಟುವ ಸಹೋದರಿಯೊಬ್ಬರಿಗೆ ಗಲ್ಲದ ಒಳಗೆ ಕ್ಯಾನ್ಸರ್ ಆಯಿತು. ಅವರ ಹೆಸರು ಹೇಳುವುದಿಲ್ಲ. ಅವರು ಇಲ್ಲಿಯೇ ಕುಳಿತಿದ್ದಾರೆ, ನಾಲ್ಕು ಮಂದಿಗೆ ತಿಳಿಯಲೆಂದು ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ಡಾಕ್ಟರರು 33 ಸಲ ಕರೆಂಟ್ ಕೊಡಬೇಕೆಂದರು. ಕರೆಂಟ್ ಎಂದು ನಾವು ಕರೆಯುವುದೇ ಹೊರತು ಅದು ವಿದ್ಯುತ್ತಲ್ಲ, ಕ್ಷ-ಕಿರಣದ ಜಾತಿಯ ಬಲವಾದ ಕಿರಣ. ವಾರಕ್ಕೆ ಐದು ದಿನದಂತೆ ಆರೇಳು ವಾರ ನಡೆಯುವ ಚಿಕಿತ್ಸೆ. ಮೊದಲ ಎರಡು ವಾರ ಏನೂ ಆಗಲಿಲ್ಲ. ಮೂರನೆಯ ವಾರ ಅವರು ನಮಗೆ ಹೇಳಿದರು: "ಅಣ್ಣಾರ, ಬಾಯಾಗ ಕೆಂಡ ಇಟ್ಟಂಗ ಆಗೈತ್ರಿ. ಬ್ರಶ್ ಹ್ಯಾಂಗ ಹಚ್ಚಲಿ?" ನಾವು ಕನಿಕರದಿಂದ, "ಹುಣ್ಣು ಮಾಯೂತನಕ ಬಾಯಿ ಮುಟ್ಟಬ್ಯಾಡ ಬಿಡವ್ವಾ" ಎಂದೆವು. ಡಾಕ್ಟರರನ್ನು ಕೇಳಲಿಲ್ಲ. ನಮಗೆ ತಿಳಿದದ್ದೇ ಸರಿ ಎಂದುಕೊಂಡೆವು.

ನಾಲ್ಕೈದು ದಿನಗಳಲ್ಲಿ ನಾಲಿಗೆಯ ಮೇಲೆ ಮೊಸರಿನ ಕೆನೆಯಂತೆ ಬಿಳಿ ಪದರ ಕಟ್ಟಿತು. ಗಂಜಿ ಕೂಡ ಇಳಿಯದಾಯಿತು. 19ನೆಯ ಕರೆಂಟಿನ ದಿನ ಅವರು ಯಾರಿಗೂ ಹೇಳದೆ ಮನೆಗೆ ಬಂದುಬಿಟ್ಟರು. ತಿರುಗಿ ಕರೆದೊಯ್ಯುವಷ್ಟರಲ್ಲಿ ಹನ್ನೊಂದು ದಿನ ಕಳೆದಿತ್ತು. ಕರೆಂಟ್ ನಡುವೆ ಬಿಟ್ಟರೆ ರೋಗದ ಜೀವಕೋಶಗಳಿಗೆ ತಿರುಗಿ ಬೆಳೆಯಲು ಎಡೆ ಸಿಗುತ್ತದೆ, ಚಿಕಿತ್ಸೆಯ ಬಲ ಕುಂದುತ್ತದೆ ಎಂದು ಆಗ ಡಾಕ್ಟರರು ನಮ್ಮನ್ನು ಎದುರು ನಿಲ್ಲಿಸಿ ಹೇಳಿದರು. ಬಾಯಿ ತೊಳೆಯದೆ ಬಿಟ್ಟದ್ದು ಅಲ್ಲಿಯ ತನಕ ಬಂದು ಮುಟ್ಟಿತು.

ಹೀಗೇಕೆ ಆಗುತ್ತದೆ? ಬಾಯಿಯ ಒಳಚರ್ಮ ದಿನದಿನವೂ ಸವೆದು ದಿನದಿನವೂ ಹೊಸದಾಗಿ ಹುಟ್ಟುವಂಥದ್ದು. ಕಿರಣವು ಆ ಹುಟ್ಟನ್ನು ತಡೆಯುತ್ತದೆ, ಆದುದರಿಂದ ಹುಣ್ಣು. ಕಿರಣ ಬೀಳುವ ಜಾಗದಲ್ಲಿ ಜೊಲ್ಲಿನ ಗ್ರಂಥಿಗಳಿದ್ದರೆ ಅವೂ ಬತ್ತುತ್ತವೆ. ಜೊಲ್ಲನ್ನು ನಾವು ಹೊಲಸೆಂದು ತಿಳಿಯುತ್ತೇವೆ. ಆದರೆ ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚಾಗಿ ಊರುವ ಆ ನೀರೇ ಹಲ್ಲು ತೊಳೆಯುತ್ತದೆ, ಹುಳಿಯನ್ನು ಮುರಿಯುತ್ತದೆ, ಕ್ರಿಮಿಗಳನ್ನು ತಡೆಯುತ್ತದೆ. ಅದು ಬತ್ತಿದ ಬಾಯಲ್ಲಿ ಬೂಷ್ಟು ಬೆಳೆಯುತ್ತದೆ. ನಾವು ಕಂಡ ಬಿಳಿ ಪದರ ಅದೇ. ಕೆಲವರು ಅದನ್ನು ನಾಲಿಗೆ ಒರೆಯುವ ತಗಡಿನಿಂದ ಕೆರೆದು ರಕ್ತ ಬರಿಸಿಕೊಳ್ಳುತ್ತಾರೆ. ಕೆರೆಯಬೇಡಿ, ಡಾಕ್ಟರರಿಗೆ ತೋರಿಸಿ. ಅದಕ್ಕೆ ಬೇರೆ ಔಷಧಿ ಇದೆ.

ನಾವು ಜೊತೆಗೆ ಹೋದವರನ್ನು "ಹಲ್ಲು ಏತರಿಂದ ತಿಕ್ಕುತ್ತೀರಿ?" ಎಂದು ಕೇಳುತ್ತಾ ಬಂದಿದ್ದೇವೆ. ಬೂದಿ ಎನ್ನುವವರಿದ್ದಾರೆ, ಇದ್ದಿಲು, ಬೇವಿನ ಕಡ್ಡಿ ಎನ್ನುವವರಿದ್ದಾರೆ. ಹೆಂಗಸರಲ್ಲಿ ಬಹಳ ಮಂದಿ ನಾಚುತ್ತಾ "ಮಿಶ್ರಿ" ಎನ್ನುತ್ತಾರೆ. ಮಿಶ್ರಿ ಎಂದರೇನೆಂದು ಈ ಊರಲ್ಲಿ ಹೇಳಬೇಕಾಗಿಲ್ಲ. ಹೆಂಚಿನ ಮೇಲೆ ತಂಬಾಕು ಕರಿಯಾಗುವಂತೆ ಹುರಿದು, ಪುಡಿ ಮಾಡಿ, ಬೆಳಿಗ್ಗೆ ಎದ್ದೊಡನೆ ವಸಡಿಗೆ ತಿಕ್ಕುವುದು. ಹಲ್ಲು ಗಟ್ಟಿಯಾಗುತ್ತದೆ, ಹೊಟ್ಟೆ ಸಾಫ್ ಆಗುತ್ತದೆ ಎಂದು ಅತ್ತೆ ಹೇಳಿದ್ದನ್ನು ಸೊಸೆ ನಂಬಿದ್ದಾಳೆ. ಹಲ್ಲು ತಿಕ್ಕುವ ಪುಡಿಯಲ್ಲಿ, ಪೇಸ್ಟಿನಲ್ಲಿ ತಂಬಾಕು ಬೆರೆಸಕೂಡದೆಂದು ಭಾರತ ಸರಕಾರ 1992ರಲ್ಲಿಯೇ ನಿಷೇಧಿಸಿದೆ. ಆದರೆ ನಮ್ಮ ಒಲೆಯ ಮೇಲಿನ ಹೆಂಚಿಗೆ ಯಾವ ಇನ್‌ಸ್ಪೆಕ್ಟರ್ ಬರುತ್ತಾನೆ? ಮಹಾರಾಷ್ಟ್ರದಲ್ಲಿ 2012ರಲ್ಲಿ ಗುಟ್ಕಾ ನಿಂತಿತೆಂದು ಕಾಗದದಲ್ಲಿದೆ. ಪಾನಪಟ್ಟಿಯ ಅಂಗಡಿಯಲ್ಲಿ ಏನು ಸಿಗುತ್ತದೆಂಬುದು ನಿಮಗೇ ಗೊತ್ತು.

ನಾವು ಹೇಳಿದ ಸಹೋದರಿ ಕೂಡ ಹುಣ್ಣಿನ ನೋವು ತಾಳಲಾರದೆ ಆಸ್ಪತ್ರೆಯ ಮೊಗಸಾಲೆಯಲ್ಲಿ ಸೆರಗಿನ ಗಂಟು ಬಿಚ್ಚಿ ಮಿಶ್ರಿ ತಿಕ್ಕಿದ್ದರು. ತಂಬಾಕು ಸ್ವಲ್ಪ ಹೊತ್ತು ಜೋಮು ಹಿಡಿಸುತ್ತದೆ, ಆದುದರಿಂದ ಔಷಧಿಯಂತೆ ತೋರುತ್ತದೆ. ಅವರನ್ನು ಬೈಯಲು ನಮಗೆ ಬಾಯಿಲ್ಲ. ಹೊಟ್ಟೆಗಾಗಿ ದಿನವೆಲ್ಲ ತಂಬಾಕು ಮುಟ್ಟುವ ಕೈಗಳು ನಮ್ಮವು. ಆದರೂ ಹೇಳಲೇಬೇಕು: ಕರೆಂಟ್ ನಡೆಯುವಾಗ ಮಿಶ್ರಿ, ಬೀಡಿ, ಮಾವಾ, ಸುಣ್ಣ ತಂಬಾಕು ಯಾವುದೂ ಬಾಯಿಗೆ ಹೋಗಕೂಡದು, ಹುಣ್ಣು ಹೆಚ್ಚುತ್ತದೆ, ಚಿಕಿತ್ಸೆ ಸರಿಯಾಗಿ ಹತ್ತುವುದಿಲ್ಲ. "ತಂಬಾಕು ಬಿಟ್ಟೇನ್ರಿ, ಬರೇ ಅಡಿಕಿ ತಿಂತೀನಿ" ಎನ್ನುವವರೂ ಇದ್ದಾರೆ. ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಹೊರತಂದ ಗ್ರಂಥದಲ್ಲಿ ಖಚಿತವಾಗಿ ಹೇಳಿದೆ.

ಹಾಗಾದರೆ ಬಾಯಿ ಹೇಗೆ ತೊಳೆಯಬೇಕು? ಕಾಯಿಸಿ ಆರಿಸಿದ ಒಂದು ಲೋಟ ನೀರಿಗೆ, ಅಂದರೆ ಕಾಲು ಲೀಟರಿಗೆ, ಚಹದ ಚಮಚೆಯಿಂದ ಕಾಲು ಚಮಚೆ ಉಪ್ಪು, ಕಾಲು ಚಮಚೆ ತಿನ್ನುವ ಸೋಡಾ. ಬಟ್ಟೆ ಒಗೆಯುವ ಸೋಡಾ ಅಲ್ಲ. ಒಬ್ಬರು ಅದನ್ನೇ ಪುಡಿಕೆ ಕಟ್ಟಿಕೊಂಡು ಬಂದಿದ್ದರು, ಆದುದರಿಂದ ಒತ್ತಿ ಹೇಳುತ್ತೇವೆ. ಉಂಡ ಮೇಲೆ ಪ್ರತಿ ಸಲ, ಉಳಿದ ಹೊತ್ತಿನಲ್ಲಿ ಎರಡು ಮೂರು ತಾಸಿಗೊಮ್ಮೆ ಮುಕ್ಕಳಿಸಿ ಉಗುಳಬೇಕು. ದಿನವೂ ಹೊಸದಾಗಿ ಮಾಡಿಕೊಳ್ಳಬೇಕು. ಅಂಗಡಿಯಲ್ಲಿ ಸಿಗುವ, ಮದ್ಯಸಾರವಿರುವ ಖಾರದ ನೀರು ಬೇಡ.

ಬ್ರಶ್ ಬಿಡಕೂಡದು. ಎಲ್ಲಕ್ಕಿಂತ ಮೆತ್ತನೆಯದನ್ನು ಕೇಳಿ ಕೊಳ್ಳಿರಿ, ಬಿಸಿನೀರಿನಲ್ಲಿ ಅದ್ದಿ ಇನ್ನಷ್ಟು ಮೆತ್ತಗೆ ಮಾಡಿಕೊಳ್ಳಿರಿ. ಪೇಸ್ಟಿನಲ್ಲಿ ಫ್ಲೋರೈಡ್ ಇರಲಿ. ಪೇಸ್ಟ್ ಉರಿದರೆ ನಾಲ್ಕು ದಿನ ಬರೀ ನೀರಿನಲ್ಲಿ ತಿಕ್ಕಿ. ಬ್ರಶ್ ತಾಗಿಸಲು ಆಗದೇ ಹೋದಾಗ ತೆಳುವಾದ ಶುದ್ಧ ಬಟ್ಟೆಯನ್ನು ಬೆರಳಿಗೆ ಸುತ್ತಿ, ಅದೇ ಉಪ್ಪು ಸೋಡಾ ನೀರಿನಲ್ಲಿ ಅದ್ದಿ ಹಲ್ಲು ಒರೆಸಿ. ಕಟ್ಟಿಸಿದ ಹಲ್ಲಿನ ಸೆಟ್ ಇದ್ದವರು ಹುಣ್ಣು ಇರುವ ತನಕ ಅದನ್ನು ತೆಗೆದಿಡಬೇಕು. ನೋವಿನ ಔಷಧಿ ಕೇಳಲು ಸಂಕೋಚ ಬೇಡ. ಊಟಕ್ಕೆ ಅರ್ಧ ತಾಸು ಮೊದಲು ಔಷಧಿ ಹಾಕಿಕೊಂಡು ನಾಲ್ಕು ತುತ್ತು ಹೆಚ್ಚು ಉಂಡವರನ್ನು ನಾವು ನೋಡಿದ್ದೇವೆ. ದವಡೆ ಬಿಗಿಯದಂತೆ ದಿನಕ್ಕೆ ಹಲವು ಸಲ ಬಾಯಿ ಅಗಲಿಸಿ ತೆರೆಯಬೇಕು. ಎಷ್ಟು, ಹೇಗೆ ಎಂಬುದನ್ನು ಅಲ್ಲಿಯೇ ಕೇಳಿ ಕಲಿಯಿರಿ. ತಮ್ಮದೇ ಮೂರು ಬೆರಳು ಒಂದರ ಮೇಲೊಂದು ಹಿಡಿಸದಷ್ಟು ಬಾಯಿ ಚಿಕ್ಕದಾಗುತ್ತಾ ಬಂದರೆ ಕೂಡಲೇ ಹೇಳಬೇಕು.

ಇನ್ನು ಕರೆಂಟ್ ಮುಗಿದ ಮೇಲಿನ ಮಾತು. ಇದನ್ನು ಯಾರೂ ಹೇಳುವುದಿಲ್ಲ ಎನ್ನಲಾರೆವು. ಹೇಳಿದಾಗ ನಾವು ಬಸ್ಸಿನ ಅವಸರದಲ್ಲಿರುತ್ತೇವೆ. ಎರಡು ವರ್ಷದ ನಂತರ ಅದೇ ಸಹೋದರಿಗೆ ಕೆಳಗಿನ ದವಡೆಯ ಹಲ್ಲು ನೋಯತೊಡಗಿತು. ಜೊಲ್ಲಿಲ್ಲದ ಬಾಯಲ್ಲಿ ಹಲ್ಲು ಬುಡದ ಸುತ್ತ ಬೇಗ ಹುಳುಕಾಗುತ್ತದೆ. ಪೇಟೆಯ ಒಂದು ದವಾಖಾನೆಗೆ ನಾವೇ ಕರೆದೊಯ್ದೆವು. ಹಿಂದೆ ಕರೆಂಟ್ ಕೊಟ್ಟಿದೆ ಎಂದು ನಾವು ಹೇಳಲಿಲ್ಲ, ಅವರು ಕೇಳಲಿಲ್ಲ. ಹಲ್ಲು ಕಿತ್ತರು. ಮೂರು ತಿಂಗಳಾದರೂ ಗಾಯ ಕೂಡಲಿಲ್ಲ, ಕುಳಿಯಲ್ಲಿ ಎಲುಬು ಬೆಳ್ಳಗೆ ಕಾಣತೊಡಗಿತು. ಕಿರಣ ಬಿದ್ದ ಎಲುಬಿಗೆ ರಕ್ತದ ಹರಿವು ಕಡಿಮೆ, ಗಾಯವಾದರೆ ತಾನಾಗಿ ಮಾಯಲಾರದೆ ಸಾಯುತ್ತದೆ. ಕೊನೆಗೆ ದವಡೆಯ ಒಂದು ತುಂಡನ್ನೇ ತೆಗೆಯಬೇಕಾಯಿತು. ಕ್ಯಾನ್ಸರ್ ಬಿಟ್ಟು ಹೋಗಿತ್ತು. ದವಡೆ ಹೋದದ್ದು ಒಂದು ಹಲ್ಲಿನಿಂದ.

ಈ ಅಪಾಯ ಒಂದೆರಡು ವರ್ಷಕ್ಕೆ ತೀರುವುದಿಲ್ಲ, ಜೀವಮಾನವಿಡೀ ಇರುತ್ತದೆ. ಆದುದರಿಂದ ಕರೆಂಟ್ ಆರಂಭವಾಗುವ ಮೊದಲೇ ಹಲ್ಲಿನ ಡಾಕ್ಟರರಿಗೆ ತೋರಿಸಬೇಕು. ಉಳಿಯಲಾರದ ಹಲ್ಲುಗಳನ್ನು ಆಗಲೇ ತೆಗೆಸಬೇಕು. ಗಾಯ ಮಾಯಲು ಎರಡರಿಂದ ಮೂರು ವಾರ ಬಿಡುವು ಬೇಕು. "ಕ್ಯಾನ್ಸರ್ ಅಂದ ಮ್ಯಾಲ ಹಲ್ಲಿಂದೇನು ಚಿಂತಿ" ಎಂದು ಮನೆಯವರು ಹೇಳುವುದು ಸಹಜ. ಕಿರಣದ ಡಾಕ್ಟರರು, ಹಲ್ಲಿನ ಡಾಕ್ಟರರು ಇಬ್ಬರೂ ಕೂಡಿ ದಿನ ಗೊತ್ತು ಮಾಡಲಿ. ಮುಗಿದ ಮೇಲೆ ಯಾವ ಹಲ್ಲೂ ಅವರನ್ನು ಕೇಳದೆ ಕೀಳಿಸಬೇಡಿ. ಡಿಸ್‌ಚಾರ್ಜ್ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ರೇಶನ್ ಕಾರ್ಡಿನ ಸಂಗಡ ಇಡಿ.

ರೋಗಿಗಳನ್ನು ನೋಡಲು, ಪ್ರಾರ್ಥನೆ ಮಾಡಲು ಹೋಗುವವರಿಗೆ ಒಂದು ಮಾತು. ಮೋಸಂಬಿ, ಕಿತ್ತಳೆ ಒಯ್ಯುತ್ತೀರಿ. ಆ ಹುಳಿ ಹುಣ್ಣಿನ ಮೇಲೆ ಬಿದ್ದರೆ ಪ್ರಾಣ ಹೋದಂತಾಗುತ್ತದೆ. ನಮ್ಮ ಶೇಂಗಾ ಚಟ್ನಿ, ಕಟಕ ರೊಟ್ಟಿ ಅಂತೂ ಕೂಡದು. ಬಾಳೆಹಣ್ಣು ಒಯ್ಯಿರಿ, ಹಾಲು, ಮೆತ್ತಗೆ ಬೇಯಿಸಿದ ನುಚ್ಚು ಒಯ್ಯಿರಿ.

ಬರುವ ಸೋಮವಾರ ನಮ್ಮ ಗಲ್ಲಿಯ ಮಗ್ಗದ ಕಾಕಾ ಒಬ್ಬರು ಕರೆಂಟಿಗಾಗಿ ಬಾರ್ಶಿಗೆ ಹೋಗುವವರಿದ್ದಾರೆ. ಹೋದ ತಿಂಗಳೇ ಅವರ ಮೂರು ಹಲ್ಲು ತೆಗೆಸಿ ಆಗಿದೆ, ಗಾಯ ಮಾಯ್ದಿದೆ. ಅವರ ಚೀಲದಲ್ಲಿ ಎರಡು ಮೆತ್ತನೆಯ ಬ್ರಶ್, ಪೇಸ್ಟ್, ಉಪ್ಪಿನ ಡಬ್ಬಿ, ತಿನ್ನುವ ಸೋಡಾ, ಅಳತೆಯ ಚಮಚೆ, ನೀರಿನ ಬಾಟಲಿ ಇಟ್ಟಿದ್ದೇವೆ. ಎರಡನೆಯ ವಾರದಿಂದ ಅವರ ಬಳಿ ದಿನಕ್ಕೊಬ್ಬರು ಇರಬೇಕು. ಬರಲು ಆಗುವವರು ಕೂಟ ಮುಗಿದ ಮೇಲೆ ಹೆಸರು ಬರೆಯಿಸಿ ಹೋಗಿರಿ. ಮೊದಲ ಹೆಸರು ಆಗಲೇ ಬಂದಿದೆ, ನಾವು ಈವರೆಗೆ ಹೇಳಿದ ಸಹೋದರಿಯದೇ.