ಹಿಂಡು ದೊಡ್ಡದು, ಹೆಣ್ಣು ಕಡಿಮೆ



ಚಳಿಗಾಲದಲ್ಲಿ ನಮ್ಮ ಕೆರೆಗಳಿಗೆ ಬರುವ ಬಾತುಗಳಲ್ಲಿ ಕೆಂಗಂದು ತಲೆ, ಕಪ್ಪು ಎದೆ, ಬೂದು ಬೆನ್ನಿನ ಒಂದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದು ಕಾಮನ್ ಪೋಚಾರ್ಡ್‌ನ ಗಂಡು. ಹೆಣ್ಣು ಮಾಸಲು ಕಂದು, ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಇಂದು ನಾನು ಹೇಳಬೇಕೆಂದಿರುವುದು ಆ ಹೆಣ್ಣಿನ ವಿಷಯವನ್ನೇ.

ಯುರೋಪಿನಿಂದ ಏಷ್ಯಾದವರೆಗೆ ಲಕ್ಷಗಟ್ಟಲೆ ಇರುವ ಈ ಹಕ್ಕಿಯನ್ನು 2015ರಲ್ಲಿ ಐಯುಸಿಎನ್ ಕೆಂಪು ಪಟ್ಟಿಯ ‘ವಲ್ನರಬಲ್’ ವರ್ಗಕ್ಕೆ, ಅಂದರೆ ಅಳಿವಿನ ಭೀತಿಯಿರುವ ಜೀವಿಗಳ ಸಾಲಿಗೆ ಸೇರಿಸಿತು. ಲಕ್ಷಗಟ್ಟಲೆ ಇದ್ದ ಮೇಲೆ ಚಿಂತೆ ಏಕೆ ಎಂದು ಕೇಳುತ್ತೀರಿ. ಎಷ್ಟಿವೆ ಎಂಬುದಲ್ಲದೆ ಎಷ್ಟು ಬೇಗ ಕರಗುತ್ತಿವೆ ಎಂಬುದನ್ನೂ ಅಲ್ಲಿ ನೋಡುತ್ತಾರೆ.

ಯುರೋಪ್ ಮತ್ತು ಉತ್ತರ ಆಫ್ರಿಕಾದಲ್ಲಿ ಚಳಿಗಾಲದ ಹಿಂಡುಗಳನ್ನು ಗಂಡು, ಹೆಣ್ಣು ಬಿಡಿಸಿ ಎಣಿಸಿದಾಗ 1989-90ರಲ್ಲಿ ನೂರಕ್ಕೆ ಸುಮಾರು 60 ಇದ್ದ ಗಂಡುಗಳು 2016ರಲ್ಲಿ ಸುಮಾರು 70 ಆಗಿದ್ದವು. ಹೀಗಾಗಿ ಒಟ್ಟು ಲೆಕ್ಕ ನೋಡಿ ಸಮಾಧಾನಪಟ್ಟರೆ ಮೋಸಹೋಗುತ್ತೇವೆ.

ಹೆಣ್ಣು ನೀರಂಚಿನ ಜೊಂಡಿನಲ್ಲಿ ಒಂಟಿಯಾಗಿ ಮೂರು ವಾರಕ್ಕೂ ಹೆಚ್ಚು ಕಾವು ಕೂರುತ್ತದೆ. ಗಂಡು ಅಷ್ಟರಲ್ಲಿ ಹೊರಟಿರುತ್ತದೆ! ತುಪ್ಪಳಕ್ಕಾಗಿ ಅಮೆರಿಕದಿಂದ ತಂದು ಸಾಕಿದ್ದ ಮಿಂಕ್ ಎಂಬ ಪ್ರಾಣಿ ತಪ್ಪಿಸಿಕೊಂಡು ಯುರೋಪಿನಲ್ಲಿ ಹರಡಿದೆ, ಗೂಡಿಗೇ ನುಗ್ಗಿ ಹಿಡಿಯುತ್ತದೆ. ಜೊಂಡೂ ಕಡಿಮೆಯಾಯಿತು, ಗೊಬ್ಬರದ ನೀರು ಸೇರಿ ಕೆರೆಗಳು ಕೆಟ್ಟವು. ಬೇಟೆಯವರ ಸೀಸದ ಗುಂಡುಗಳು ಕೆಸರಿನಲ್ಲಿ ಉಳಿದು, ಅವನ್ನು ನುಂಗಿದ ಬಾತು ವಿಷವೇರಿ ಸಾಯುತ್ತದೆ. ಐರೋಪ್ಯ ಒಕ್ಕೂಟ ಜೌಗುಪ್ರದೇಶಗಳಲ್ಲಿ ಈ ಗುಂಡನ್ನು ನಿಷೇಧಿಸಿದ್ದು 2023ರ ಫೆಬ್ರವರಿಯಿಂದ. ಬಹಳ ತಡವಾಯಿತೆಂದೇ ನನ್ನ ಅಭಿಪ್ರಾಯ.

ಜನವರಿಯ ನೀರುಹಕ್ಕಿ ಗಣತಿಗೆ ಹೋಗುವ ವಿದ್ಯಾರ್ಥಿಗಳು ಪೋಚಾರ್ಡ್ ಕಂಡರೆ ಕೆಂಪು ತಲೆಯವನ್ನು ಒಂದು ಕಡೆ, ಕಂದು ತಲೆಯವನ್ನು ಇನ್ನೊಂದು ಕಡೆ ಬರೆದುಕೊಳ್ಳಿ.